ಬರೆಯುವ ವೇಗ

ಈಜುಕೊಳದ ಕೋಚ್ ತನ್ನ ಕಣ್ಣನ್ನು ನಂಬುವ ಮನುಷ್ಯನೇ ಅಲ್ಲ. "ಕಣ್ಣಿಗೆ ಮೋಸ ಆಗುತ್ತೆ, ಕಾರ್ಡಿಗೆ ಆಗಲ್ಲ" ಎನ್ನುವುದು ಬೆಳಗಾದರೆ ಅವನ ಬಾಯಿಂದ ಬರುವ ಮಾತು. ಅವನು ಕಲಿಸುತ್ತಿದ್ದದ್ದು ಡೈವಿಂಗ್. ಎತ್ತರದಿಂದ ಜಿಗಿದು, ಗಾಳಿಯಲ್ಲಿ ಪಲ್ಟಿ ಹೊಡೆದು, ನೀರು ಚಿಮ್ಮದ ಹಾಗೆ ತಲೆಕೆಳಗಾಗಿ ಇಳಿಯುವ ವಿದ್ಯೆ. ಮೇಲಿಂದ ಕಾಲು ಬಿಟ್ಟು ನೀರು ಮುಟ್ಟುವುದರೊಳಗೆ ನೋಡುವವರು ಎರಡು ಸಲ ರೆಪ್ಪೆ ಬಡಿದರೆ ಮುಗಿಯಿತು. ಅಷ್ಟರಲ್ಲಿ ಮಂಡಿ ಎಲ್ಲಿತ್ತು, ಗದ್ದ ಎಲ್ಲಿತ್ತು, ಕಾಲ್ಬೆರಳು ಚಾಚಿತ್ತೋ ಮಡಚಿತ್ತೋ ಹೇಳಲು ಯಾರಪ್ಪನಿಂದಲೂ ಆಗದು ಎಂಬುದು ಅವನ ವಾದ. ಅದಕ್ಕೇ ಕೊಳದ ಅಂಚಿನಲ್ಲಿ ಮುಕ್ಕಾಲಿಯ ಮೇಲೊಂದು ಕ್ಯಾಮೆರಾ ನಿಂತಿರುತ್ತಿತ್ತು. ಮಕ್ಕಳು ಹಾರುವಾಗ ಇವನು ಆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಮುಖ ಹುದುಗಿಸಿರುತ್ತಿದ್ದ. ಹಾರಿದ ಮೇಲೆ ಕ್ಯಾಮೆರಾದ ಹೊಟ್ಟೆಯಿಂದ ಮೆಮೊರಿ ಕಾರ್ಡ್ ಕಿತ್ತು ಟ್ಯಾಬ್ಲೆಟ್ಟಿಗೆ ಸಿಕ್ಕಿಸಿ, ಟವೆಲ್ ಹೊದ್ದು ನಡುಗುತ್ತ ನಿಂತ ಮಗುವಿಗೆ ಅದರದೇ ಜಿಗಿತವನ್ನು ಆಮೆ ನಡಿಗೆಯಲ್ಲಿ ಓಡಿಸಿ ತೋರಿಸುತ್ತಿದ್ದ. ತಪ್ಪು ಕಂಡಲ್ಲಿ ಕೊರಳಿನ ಸಿಳ್ಳೆಯ ತುದಿಯಿಂದ ಪರದೆಯನ್ನು ಕುಟ್ಟುತ್ತಿದ್ದ. ಹೀಗಾಗಿ ಕೊಳದಲ್ಲಿ ಅವನು ಸಿಳ್ಳೆ ಮೇಷ್ಟ್ರು. ಮನೆಯಲ್ಲಿ, ಹೆಂಡತಿಗೆ ಕೋಪ ಬಂದ ದಿನ, ಟ್ಯಾಬ್ ಮೇಷ್ಟ್ರು.

ಅವನ ಮಗಳೂ ಅವನ ಹತ್ತಿರವೇ ಕಲಿಯುತ್ತಿದ್ದಳು. ಕೂಸಾಗಿದ್ದಾಗ ಸ್ನಾನದ ಟಬ್ಬಿನಿಂದ ಎಬ್ಬಿಸಿದರೆ ರಂಪ ಮಾಡುತ್ತಿದ್ದಳೆಂದು ಅಪ್ಪನೇ ಅವಳಿಗೆ ಕಪ್ಪೆ ಎಂದು ಹೆಸರಿಟ್ಟಿದ್ದ. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ ಶಾಲೆಯಲ್ಲಿ ಹಾಜರಿ ಕೂಗಿದಾಗ ಅವಳು ಒಂದು ಗಳಿಗೆ ಯೋಚಿಸಿ ಕೈ ಎತ್ತುತ್ತಿದ್ದಳು. ಹೆಸರಿಗೆ ಕಪ್ಪೆಯೇ ಹೊರತು ಜಿಗಿಯುವುದರಲ್ಲಿ ಶುದ್ಧ ಪುಕ್ಕಲಿ. ಐದು ಮೀಟರಿನ ಕಟ್ಟೆ ಹತ್ತಿ ನಿಂತರೆ ಮಂಡಿ ಗಡಗಡ. ಸೊಂಟದ ತನಕ ಬರುವ ಜಡೆಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಸುಮಾರು ಹೊತ್ತು ನಿಲ್ಲುತ್ತಿದ್ದಳು. ಆಮೇಲೆ ಅದನ್ನು ಥೂ ಎಂದು ಉಗಿದು, ಇಡೀ ಕಟ್ಟಡ ಮೊಳಗುವ ಹಾಗೆ ಕೂಗುತ್ತಿದ್ದಳು.

"ಅಪ್ಪಾ, ನೋಡು!"

ಹಾಗೆ ಕೂಗದೆ ಅವಳು ಒಂದು ಸಲವೂ ಹಾರಿದವಳಲ್ಲ. "ಇಲ್ಲಿ ನಾನು ಅಪ್ಪ ಅಲ್ಲ, ಸರ್" ಎಂದು ಕೋಚ್ ಕ್ಯಾಮೆರಾದಿಂದ ಮುಖ ಎತ್ತದೆ ಗದರುತ್ತಿದ್ದ. "ಸರಿ ಅಪ್ಪಾ ಸರ್" ಎಂದು ಅವಳು ಮೇಲಿಂದ ಹಲ್ಲು ಕಿರಿಯುತ್ತಿದ್ದಳು. ಬೇರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಒಂದು ಮಧ್ಯಾಹ್ನ ಕಪ್ಪೆ ಕಟ್ಟೆಯ ಅಂಚಿಗೆ ತಲೆ ಬಡಿದುಕೊಂಡು ನೀರಿಗೆ ಬಿದ್ದಳು. ಎತ್ತರದ ಕುರ್ಚಿಯಲ್ಲಿ ಕೂತು ಕೊಳ ಕಾಯುವ ಗಾರ್ಡ್, ಎಲ್ಲರೂ ದಪ್ಪಣ್ಣ ಎನ್ನುವ ಭಾರೀ ಆಸಾಮಿ, ಅಷ್ಟು ಚುರುಕಾಗಿ ಹಾರಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಲೆಂದು ಜಡೆಯನ್ನು ಬುಡಕ್ಕೇ ಕತ್ತರಿಸಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಿಯ ಕೈಗೆ ಕೊಟ್ಟರು. ಕಪ್ಪೆ ಎಷ್ಟೋ ದಿನ ಕಣ್ಣು ಬಿಡಲಿಲ್ಲ. ಗಂಡ ಹೆಂಡತಿ ಇಬ್ಬರೂ ಹಾಸಿಗೆಯ ಆಚೆಗೊಬ್ಬರು ಈಚೆಗೊಬ್ಬರು ಜೀವ ಕೈಯಲ್ಲಿ ಹಿಡಿದು ಕೂತರು. ಒಂದು ಬೆಳಿಗ್ಗೆ ಅವಳು ಕಣ್ಣು ಬಿಟ್ಟು, ಅಪ್ಪನನ್ನು ಚೆನ್ನಾಗಿ ನೋಡಿ, "ಸ್ವಲ್ಪ ನೀರು ಕೊಡ್ತೀರಾ ಸರ್?" ಎಂದಳು. ಇಬ್ಬರಿಗೂ ಅಳುವಿನ ಮಧ್ಯೆ ನಗು ಬಂತು.

ಮನೆಗೆ ಬಂದ ಹುಡುಗಿ ಅಪ್ಪಟ ಬಂಗಾರ. ಚಪ್ಪಲಿಗಳನ್ನು ಗೋಡೆಗೆ ಒತ್ತಿ ಜೊತೆಜೊತೆಯಾಗಿ ಇಡುತ್ತಿದ್ದಳು. ಟವೆಲನ್ನು ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಿದ್ದಳು. ತಟ್ಟೆಗೆ ಏನು ಹಾಕಿದರೂ ತಿಂದು ಮುಗಿಸುತ್ತಿದ್ದಳು, ಬೇಕು ಬೇಡ ಎಂಬ ಮಾತಿಲ್ಲ. ಮೊದಲು ಅಪ್ಪ ಅಮ್ಮ ಇಬ್ಬರಿಗೂ 'ನೀನು' ಎನ್ನುತ್ತಿದ್ದವಳು ಈಗ 'ನೀವು' ಎಂದಳು. ಕೊಳದಲ್ಲೂ ಸರ್, ಮನೆಯಲ್ಲೂ ಸರ್. ಮತ್ತೆ ನೀರಿಗಿಳಿಸಬಹುದು ಎಂದು ಡಾಕ್ಟರು ಹೇಳಿದ ಮೇಲೆ ಐದು ಮೀಟರಿನ ಕಟ್ಟೆ ಹತ್ತಿದಳು ನೋಡಿ, ಮಂಡಿ ಒಂದಿಷ್ಟೂ ನಡುಗಲಿಲ್ಲ. ಕೂಗಲಿಲ್ಲ. ಹೋಗಿ ನಿಂತಳು, ಹಾರಿದಳು, ನೀರು ಚಿಮ್ಮಲೇ ಇಲ್ಲ. ದಪ್ಪಣ್ಣ ಕುರ್ಚಿಯಲ್ಲೇ ಎದ್ದು ನಿಂತು ಚಪ್ಪಾಳೆ ಹೊಡೆದ. ಮೇಷ್ಟ್ರಿಗಂತೂ ಸ್ವರ್ಗಕ್ಕೆ ಮೂರೇ ಗೇಣು. ಏಟು ಬಿದ್ದು ಭಯ ಹೋಯಿತು, ಶಿಸ್ತು ಬಂತು ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ. ಹಾಗೆ ಹೇಳಿಕೊಳ್ಳಲು ಒಬ್ಬ ಅಪ್ಪನಿಗೆ ನಾಲಿಗೆ ಹೇಗೆ ಬಂತೋ. ಆದರೆ ಬಂತು.

ಇಷ್ಟರಲ್ಲಿ ದೊಡ್ಡ ತಂಡದ ಆಯ್ಕೆ ಸಮಿತಿಯವರು ಪತ್ರ ಬರೆದರು. ಆಯ್ಕೆಗೆ ಬರುವ ಮೊದಲು ಹುಡುಗಿಯ ಡೈವಿನ ಸ್ಲೋ ಮೋಷನ್ ವಿಡಿಯೋ ಕಳಿಸಬೇಕು, ಎಲ್ಲೂ ತುಂಡಾಗಿರಬಾರದು ಎಂದಿದ್ದರು. ಅಲ್ಲಿಗೆ ಬಂತು ತಾಪತ್ರಯ. ಮೇಷ್ಟ್ರ ಹಳೇ ಕಾರ್ಡು ಸ್ಲೋ ಮೋಷನ್ ತಾಳುತ್ತಿರಲಿಲ್ಲ. ಬೇರೆ ಮಕ್ಕಳದಾದರೆ ಹೇಗೋ ನಡೆಯುತ್ತಿತ್ತು. ಮಗಳದು ಮಾತ್ರ ಪ್ರತಿ ಸಲವೂ ನಡುವೆ ಕುಪ್ಪಳಿಸುತ್ತಿತ್ತು. ಮಂಡಿ ಎದೆಗೆ ಒತ್ತಿ ಉಂಡೆಯಾಗಿ ತಿರುಗುವಲ್ಲಿಂದ ಒಂದೇ ನೆಗೆತಕ್ಕೆ ದೇಹ ಬಿಚ್ಚಿಕೊಳ್ಳುವಲ್ಲಿಗೆ ಹೋಗಿಬಿಡುತ್ತಿತ್ತು. ನಡುವಿನದು ಇಲ್ಲವೇ ಇಲ್ಲ. ಎಷ್ಟು ಸಲ ತೆಗೆದರೂ ಅದೇ ಜಾಗದಲ್ಲಿ ಅಷ್ಟೇ ಮಾಯ. ಕಾರ್ಡು ಮುದಿಯಾಯಿತು ಎಂದುಕೊಂಡು ಅವನು ಪೇಟೆಗೆ ಹೋದ.

ಕ್ಯಾಮೆರಾ ಅಂಗಡಿಯವನು ಮಾತಿನ ಮಲ್ಲ. ಗಿರಾಕಿ ಒಂದು ಕೇಳಿದರೆ ಹತ್ತು ಹೇಳದೆ ಬಿಡುವ ಪೈಕಿಯಲ್ಲ. ಮೇಷ್ಟ್ರ ಹಳೇ ಕಾರ್ಡನ್ನು ಉಗುರಿನ ತುದಿಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ.

"ಇದರ ಮೇಲೆ ದೊಡ್ಡದಾಗಿ ಒಂದು ನಂಬರ್ ಬರೆದಿದಾರಲ್ಲ, ಅದನ್ನ ನೋಡಿ ತಗೊಂಡ್ರಾ?"

"ಮತ್ತೆ? ಜಾಸ್ತಿ ನಂಬರ್, ಜಾಸ್ತಿ ವೇಗ."

"ಎಲ್ಲರೂ ಅಲ್ಲೇ ಎಡವೋದು. ಅದು ಓದೋ ವೇಗ ಸಾರ್. ಬರೆದಿಟ್ಟದ್ದನ್ನ ನಿಮ್ಮ ಟ್ಯಾಬ್‌ಗೆ ಎಷ್ಟು ಬೇಗ ಒಪ್ಪಿಸುತ್ತೆ ಅನ್ನೋದು. ಬರೆಯೋ ವೇಗ ಬೇರೆ. ಕ್ಯಾಮೆರಾ ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಕಾರ್ಡಿಗೆ ಸುರಿಯುತ್ತೆ. ಕಾರ್ಡು ಅದನ್ನ ಬರ್ಕೋಬೇಕು. ನಿಧಾನದ್ದಾದ್ರೆ ಏನ್ಮಾಡುತ್ತೆ? ಕೈಗೆ ಸಿಕ್ಕಿದ್ದು ಬರ್ಕೊಂಡು ಮಿಕ್ಕಿದ್ದು ಬಿಡುತ್ತೆ. ಈ ಮೂಲೇಲಿ ನೋಡಿ, 'ವಿ' ಅಂತ ಸಣ್ಣಕ್ಕಿದೆ. ಅದರ ಪಕ್ಕದಲ್ಲಿರೋದೇ ಬರೆಯೋ ವೇಗ. ನಿಮ್ಮದು ಮೂವತ್ತು."

"ಕ್ಯಾಮೆರಾಗೂ ಆಗ್ಬೇಕು, ಟ್ಯಾಬ್‌ಗೂ ಆಗ್ಬೇಕು."

"ಹಾಗಾದ್ರೆ ಈ ಪುಟಾಣಿ ತಗೊಳ್ಳಿ. ಟ್ಯಾಬ್‌ಗೆ ಹಾಗೇ ಹಾಕಿ, ಕ್ಯಾಮೆರಾಗೆ ಈ ಅಂಗಿ ತೊಡಿಸಿ ಹಾಕಿ." ಅವನು ಕಿರುಬೆರಳ ಉಗುರಿನಷ್ಟಿದ್ದ ಕಾರ್ಡನ್ನು ಅಡಾಪ್ಟರಿನೊಳಗೆ ತೂರಿಸಿ ತೋರಿಸಿದ. "ತೊಂಬತ್ತು. ಇದಕ್ಕಿಂತ ವೇಗದ್ದು ನನ್ನ ಹತ್ರ ಇಲ್ಲ. ನೊಣದ ರೆಕ್ಕೇನೂ ಬಿಡಲ್ಲ."

ಮೇಷ್ಟ್ರು ಬೆಲೆ ಕೇಳಿ ಮುಖ ಹಿಂಡಿದರೂ ತೆಗೆದುಕೊಂಡ.

ಮಾರನೆಯ ಮಧ್ಯಾಹ್ನ ಕೊಳದಲ್ಲಿ ಬೇರೆ ಮಕ್ಕಳಿರಲಿಲ್ಲ. ಎತ್ತರದ ಕಿಟಕಿಗಳಿಂದ ಬಿಸಿಲು ಬಿದ್ದು ನೀರು ಚಾವಣಿಯ ಮೇಲೆ ಅಲ್ಲಾಡುತ್ತಿತ್ತು. ಮಗಳು ಹಾರಿದಳು. ಅವನು ಹೊಸ ಕಾರ್ಡನ್ನು ಟ್ಯಾಬ್ಲೆಟ್ಟಿಗೆ ಹಾಕಿ, ಬೆಂಚಿನ ಮೇಲೆ ಕೂತು, ಚಿತ್ರಗಳನ್ನು ಒಂದೊಂದಾಗಿ ಬೆರಳಲ್ಲಿ ಸರಿಸುತ್ತ ಹೋದ. ಕುಪ್ಪಳಿಸುವ ಜಾಗ ಬಂತು. ಈ ಸಲ ಕುಪ್ಪಳಿಸಲಿಲ್ಲ. ಉಂಡೆ, ಉಂಡೆ, ಉಂಡೆ, ಆಮೇಲೆ ಒಂದು ಚಿತ್ರ. ಅಲ್ಲಿ ಅವನ ಬೆರಳು ನಿಂತಿತು.

ದೇಹ ಹಾಗೇ ಇತ್ತು, ಮಂಡಿ ಎದೆಗೊತ್ತಿ ತಲೆಕೆಳಗಾಗಿ. ಆದರೆ ಮುಖ ಮಂಡಿಯೊಳಗೆ ಇರಲಿಲ್ಲ. ಕ್ಯಾಮೆರಾದ ಕಡೆಗೆ ನೇರ ತಿರುಗಿತ್ತು. ಕಣ್ಣುಗಳು ಅಗಲ, ಬಾಯಿ ತೆರೆದಿತ್ತು. ತಲೆಯಿಂದ ಉದ್ದನೆಯ ಜಡೆ ಗಾಳಿಯಲ್ಲಿ ಚಾಚಿಕೊಂಡಿತ್ತು. ಜಡೆ ಒಣಗಿತ್ತು. ಮುಂದಿನ ಚಿತ್ರದಲ್ಲಿ ಮತ್ತೆ ಗಿಡ್ಡ ಕೂದಲಿನ ಒದ್ದೆ ತಲೆ, ಮಂಡಿಯೊಳಗೆ ಅಡಗಿದ ಮುಖ, ಎಲ್ಲವೂ ಇರಬೇಕಾದ ಹಾಗೆ.

ಪಕ್ಕದಲ್ಲಿ ನೀರು ತೊಟ್ಟಿಕ್ಕುವ ಸದ್ದಾಯಿತು. ಮಗಳು ಟವೆಲ್ ಹೊದ್ದು ಅವನ ಭುಜದ ಮೇಲಿಂದ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಬಗ್ಗಿ, ಒದ್ದೆ ಬೆರಳಿನಿಂದ ಆ ಚಿತ್ರವನ್ನು ಮೆಲ್ಲಗೆ ಆಚೆಗೆ ಸರಿಸಿದಳು.

"ಕಾರ್ಡ್ ಸರಿ ಇಲ್ಲ ಅನ್ಸುತ್ತೆ ಸರ್" ಎಂದಳು. "ಹಳೇದೇ ಸಾಕಾಗಿತ್ತು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಚಹಾಕ್ಕೆ ಸಕ್ಕರೆ ಸಾಕು ಎನ್ನುವಂತೆ ಹೇಳಿದ್ದಳು. ಅವನು ಕಾರ್ಡನ್ನು ಕಿತ್ತು ಮತ್ತೆ ಕ್ಯಾಮೆರಾಗೆ ಹಾಕಿದ. "ಇನ್ನೊಂದ್ಸಲ ಹಾರು" ಎಂದ. ಅವಳು "ಸರಿ ಸರ್" ಎಂದು ಏಣಿಯ ಕಡೆಗೆ ನಡೆದಳು.

ಎರಡನೆಯ ಸಲವೂ ಅದೇ ಜಾಗದಲ್ಲಿ ಆ ಮುಖ ಇತ್ತು. ತುಟಿಗಳು ಈಗ ಮುಚ್ಚಿ ಒತ್ತಿಕೊಂಡಿದ್ದವು. ಮೂರನೆಯ ಸಲ ಬಾಯಿ ಮತ್ತೆ ತೆರೆದಿತ್ತು. ಪ್ರತಿ ಜಿಗಿತಕ್ಕೆ ಒಂದೇ ಚಿತ್ರ, ಪ್ರತಿ ಚಿತ್ರದಲ್ಲೂ ಬಾಯಿ ಬೇರೆ ಆಕಾರದಲ್ಲಿ. ಒಂದೊಂದು ಜಿಗಿತಕ್ಕೆ ಒಂದೊಂದು ಚೂರಿನಂತೆ ಅವಳು ಏನನ್ನೋ ಹೇಳುತ್ತಿದ್ದಾಳೆಂದು ಅವನಿಗೆ ಹೊಳೆಯಲು ತಡವಾಗಲಿಲ್ಲ. ಹೊಳೆದ ಮೇಲೆ ಮನುಷ್ಯ ಮನುಷ್ಯನಾಗಿ ಉಳಿಯಲಿಲ್ಲ. ಇನ್ನೊಂದು, ಇನ್ನೊಂದು ಎಂದು ಅವಳನ್ನು ಹತ್ತಿಸಿದ. ಅವಳು ಪ್ರತಿ ಸಲವೂ "ಸರಿ ಸರ್" ಎಂದು ಹತ್ತಿದಳು, ಅಷ್ಟೇ ಸೊಗಸಾಗಿ ಹಾರಿದಳು. ತನ್ನ ಮಗಳನ್ನು ಕಾಣಬೇಕಾದರೆ ಇವಳನ್ನು ಬೀಳಿಸುತ್ತಲೇ ಇರಬೇಕು ಎಂದು ಅವನಿಗೆ ಗೊತ್ತಿತ್ತು. ಆದರೂ ನಿಲ್ಲಿಸಲು ಆಗಲಿಲ್ಲ.

ಕೊನೆಗೆ ದಪ್ಪಣ್ಣ ಕುರ್ಚಿಯಿಂದ ಇಳಿದು ಬಂದ.

"ಸಾಕು ಬಿಡಿ ಮೇಷ್ಟ್ರೇ. ಮಗೂ ತುಟಿ ನೀಲಿಗಟ್ಟಿದೆ. ನಿಮಗೇನು ಕಣ್ಣು ಕಾಣಲ್ವಾ?"

ಮೇಷ್ಟ್ರು ಆಗ ತಲೆ ಎತ್ತಿ ನೋಡಿದ. ಏಣಿಯ ನಡುವೆ ನಿಂತಿದ್ದ ಹುಡುಗಿಯ ತುಟಿ ನಿಜವಾಗಿಯೂ ನೀಲಿಯಾಗಿತ್ತು. ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು. ಆಗಲೂ ಅವನ ಅಪ್ಪಣೆಗೆ ಕಾಯುತ್ತಿದ್ದಳು.

ಮನೆಯಲ್ಲಿ ಅವನ ಹೆಂಡತಿ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಅಡುಗೆಮನೆಯ ಮೇಜಿನ ಮೇಲೆ ತರಕಾರಿ ಹೆಚ್ಚುತ್ತಿದ್ದಳು. ಮಗಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಇಸ್ತ್ರಿ ಅಂಗಡಿಯವರೂ ಅಷ್ಟು ಒಪ್ಪವಾಗಿ ಮಡಚಲಾರರು. ಅವನು ಬಾಗಿಲು ಮುಂದೆ ಮಾಡಿ, ಏನೂ ಹೇಳದೆ ಟ್ಯಾಬ್ಲೆಟ್ಟನ್ನು ಹೆಂಡತಿಯ ಮುಂದಿಟ್ಟ.

ಅವಳು ಚಾಕು ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಪರದೆಯ ಮೇಲಿನ ಮುಖವನ್ನು ಮುಟ್ಟಿದಳು. ಕಿರುಚಿಯಾಳು, ಹುಚ್ಚಾ ನಿಮಗೆ ಎಂದಾಳು ಎಂದು ಅವನು ಕಾದಿದ್ದ. ಅವಳು ಎರಡೂ ಮಾಡಲಿಲ್ಲ.

"ಇವಳೇ" ಎಂದಳು. "ಇವಳೇರೀ."

"ನಿನಗೆ... ಗೊತ್ತಿತ್ತಾ?"

"ಹೆತ್ತವಳಿಗೆ ಗೊತ್ತಾಗಲ್ವಾ? ಆಸ್ಪತ್ರೆಯಿಂದ ಬಂದಾಗಿನಿಂದ ನನ್ನನ್ನ ಅಮ್ಮ ಅಂತ ಕರೆದಿಲ್ಲ. 'ಹೇಳಿ' ಅಂತಾಳೆ, 'ಆಗಲಿ' ಅಂತಾಳೆ. ನೆಂಟರ ಮಗು ಬಂದು ಉಳ್ಕೊಂಡ ಹಾಗೆ. ಯಾರ ಹತ್ರ ಹೇಳ್ಲಿ? ನೀವು ನೋಡಿದ್ರೆ ಶಿಸ್ತು ಬಂತು ಅಂತ ಕುಣೀತಿದ್ರಿ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ತರಗತಿಯಲ್ಲಿದ್ದಂತೆ ಗಟ್ಟಿಯಾಗಿತ್ತು. "ಇಷ್ಟೇನಾ ಇರೋದು? ಮಿಕ್ಕಿದ್ದು ತೋರ್ಸಿ."

ಅವನು ಚಿತ್ರಗಳನ್ನು ಸಾಲಾಗಿ ಒಂದಾದ ಮೇಲೊಂದು ತೋರಿಸಿದ. ತೆರೆದ ಬಾಯಿ, ಮುಚ್ಚಿದ ತುಟಿ, ಮತ್ತೆ ತೆರೆದ ಬಾಯಿ, ಆಮೇಲೆ ನಾಲಿಗೆ ಹಲ್ಲಿನ ಹಿಂದೆ.

"ಏನು ಹೇಳ್ತಿದಾಳೋ ಅರ್ಥ ಆಗ್ತಿಲ್ಲ" ಎಂದ. "ಇನ್ನೂ ವೇಗದ ಕಾರ್ಡ್ ಸಿಕ್ಕಿದ್ರೆ ಒಂದೇ ಜಿಗಿತದಲ್ಲಿ ಪೂರ್ತಿ ಮಾತು ಸಿಗ್ಬಹುದೇನೋ. ದೊಡ್ಡ ಪೇಟೇಲಿ ಕೇಳಿ ನೋಡ್ತೀನಿ."

ಹೆಂಡತಿ ಅವನನ್ನು ನೋಡಿದ ನೋಟಕ್ಕೆ ಅವನು ಅಲ್ಲೇ ಕುಗ್ಗಿಹೋದ.

"ಅರ್ಥ ಆಗ್ಲಿಲ್ವಾ? ಅಯ್ಯೋ ದೇವರೇ. ಮೇಲೆ ಹತ್ತಿ ನಿಂತಾಗೆಲ್ಲ ಅದನ್ನೇ ತಾನೇ ಕೂಗ್ತಿದ್ದದ್ದು. ಅಪ್ಪಾ ನೋಡು, ಅಪ್ಪಾ ನೋಡು ಅಂತ. ಈಗ್ಲೂ ಅದನ್ನೇ ಕೂಗ್ತಿದಾಳೆ. ನೀವು ಒಂದ್ಸಲನಾದ್ರೂ ನೋಡಿದ್ರಾ?"

"ದಿನಾ ನೋಡ್ತೀನಲ್ಲ."

"ಕ್ಯಾಮೆರಾ ನೋಡ್ತೀರಿ. ಟ್ಯಾಬ್ ನೋಡ್ತೀರಿ. ಅವಳು ಬಿದ್ದ ದಿನ ಕೂಡ ಟ್ಯಾಬಲ್ಲೇ ಇದ್ರಿ. ಕೂಗಿ ಕೂಗಿ, ನೀವು ತಿರುಗಲಿಲ್ಲ ಅಂತ ಆ ಮಗು ಕಟ್ಟೆ ತುದೀಲಿ ಹಿಂದಕ್ಕೆ ತಿರುಗಿ ನೋಡಿತು. ಕಾಲು ಜಾರಿದ್ದು ಅದಕ್ಕೇ. ದಪ್ಪಣ್ಣ ಹೇಳಿದ ನನಗೆ. ನಿಮಗೆ ಹೇಳೋ ಧೈರ್ಯ ಅವನಿಗೂ ಇರ್ಲಿಲ್ಲ, ನನಗೂ ಇರ್ಲಿಲ್ಲ."

ಪಕ್ಕದ ಕೋಣೆಯಲ್ಲಿ ಬಟ್ಟೆ ಕೊಡವುವ ಸದ್ದು ನಿಂತಿತ್ತು. ಮುಂದೆ ಮಾಡಿದ್ದ ಬಾಗಿಲಿನ ಸಂದಿಯಲ್ಲಿ ಹುಡುಗಿ ನಿಂತಿದ್ದಳು, ಕೈಯಲ್ಲಿ ಮಡಚಿದ ಟವೆಲ್. "ನಾಳೆ ಎಷ್ಟು ಹೊತ್ತಿಗೆ ಸರ್?" ಎಂದು ಕೇಳಿದಳು. ಅವಳು ಟವೆಲನ್ನು ಕುರ್ಚಿಯ ಬೆನ್ನಿಗೆ ಹಾಕಿ, ಮೂಲೆಗಳನ್ನು ಸರಿ ಮಾಡಿ, ಒಳಗೆ ಹೋದಳು.

ಮಾರನೆಯ ದಿನ ಹೆಂಡತಿಯೂ ಕೊಳಕ್ಕೆ ಬಂದಳು. ಮೇಷ್ಟ್ರು ಎಂದಿನಂತೆ ಮುಕ್ಕಾಲಿ ನಿಲ್ಲಿಸಿದ, ಕಾರ್ಡ್ ಹಾಕಿದ, ಕೆಂಪು ಗುಂಡಿ ಒತ್ತಿದ. ವರ್ಷಗಟ್ಟಲೆ ಮಾಡಿದ ಕೆಲಸ, ತಲೆಗೆ ತಿಳಿಯದೆಯೇ ಕೈ ಮಾಡಿ ಮುಗಿಸಿತು. ಆಮೇಲೆ ನೆನಪಾದವನಂತೆ ಕ್ಯಾಮೆರಾ ಬಿಟ್ಟು, ಟ್ಯಾಬ್ಲೆಟ್ಟನ್ನು ಹೆಂಡತಿಯ ಮಡಿಲಲ್ಲಿಟ್ಟು, ಕೊಳದ ಅಂಚಿಗೆ ಬಂದು ನಿಂತ. ಬರಿಗೈ. ಕೈಗಳನ್ನು ಎಲ್ಲಿಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

ಮೇಲೆ ಹುಡುಗಿ ಕಟ್ಟೆಯ ತುದಿಗೆ ಬಂದಳು. ನಿಂತಳು. ಹಾರಲಿಲ್ಲ.

"ಸರ್, ಕ್ಯಾಮೆರಾ ನೋಡಿ" ಎಂದಳು.

"ಇಲ್ಲ. ನಿನ್ನನ್ನೇ ನೋಡ್ತೀನಿ."

"ಟ್ಯಾಬ್ ಹಿಡ್ಕೊಳ್ಳಿ ಸರ್. ಹಾಗೆ ನೋಡ್ಬೇಡಿ. ನೀವು ಯಾವತ್ತೂ ಹಾಗೆ ನೋಡಿಲ್ಲ."

ಅವಳ ದನಿ ಮೊದಲ ಸಲ ಅಲುಗಿತ್ತು. ಅವನಿಗೆ ಒಂದು ಕ್ಷಣ ಸಂಕಟವಾಯಿತು. ಈ ಹುಡುಗಿ ಅವನು ಹೇಳಿದ್ದನ್ನು ಒಂದು ದಿನವೂ ಮೀರಿದವಳಲ್ಲ. ಬೇಡ ಅಂದದ್ದಿಲ್ಲ, ಬೇಸರ ಪಟ್ಟದ್ದಿಲ್ಲ, ತುಟಿ ನೀಲಿಗಟ್ಟಿದರೂ ಏಣಿ ಹತ್ತಿದವಳು. ಎಂಥ ಮಗಳು ಬೇಕೆಂದು ಅವನು ಇಷ್ಟು ವರ್ಷ ಗದರುತ್ತ ಬಂದನೋ ಅಂಥವಳೇ ಬಂದು ನಿಂತಿದ್ದಳು. ಇವಳನ್ನು ಕರೆದುಕೊಂಡು ಹೋದರೆ ಆಯ್ಕೆ ಅಂಗೈಯಲ್ಲಿತ್ತು. ಅವನು ಹಿಂದಕ್ಕೆ ತಿರುಗಿ ಹೆಂಡತಿಯ ಮುಖ ನೋಡಲಿಲ್ಲ. ನೋಡಿದ್ದರೆ ಕಣ್ಣು ಮೇಲಿಂದ ಕೀಳಬೇಕಾಗುತ್ತಿತ್ತು. ಎಷ್ಟೋ ತಿಂಗಳಿಂದ ಬಾಯಿಗೆ ಬಾರದಿದ್ದ ಹೆಸರನ್ನು ಅವನು ಇದ್ದ ಶಕ್ತಿಯೆಲ್ಲ ಕೂಡಿಸಿ ಕೂಗಿದ.

"ಕಪ್ಪೇ! ನೋಡ್ತಿದೀನಿ ಮಗಳೇ! ಅಪ್ಪ ನೋಡ್ತಿದೀನಿ!"

ಕಟ್ಟಡವೆಲ್ಲ ಮೊಳಗಿತು. ಮೇಲೆ ನಿಂತವಳ ಮಂಡಿ ನಡುಗಿತು. ಮೊದಲು ಸ್ವಲ್ಪ, ಆಮೇಲೆ ಗಡಗಡ. ಅವಳ ಕೈ ಕುತ್ತಿಗೆಯ ಹಿಂದಕ್ಕೆ ಹೋಗಿ ಇಲ್ಲದ ಜಡೆಗಾಗಿ ತಡಕಾಡಿತು. ಸಿಗದೆ ಹೋದಾಗ ಅವಳು ಕೆಳಗೆ ನೋಡಿ ಕಿಟ್ಟನೆ ಕಿರುಚಿ, ಕಾಲು ತಪ್ಪಿ, ಕೈಕಾಲು ಬಡಿಯುತ್ತ ಬಿದ್ದಳು. ಮೇಷ್ಟ್ರು ಕಣ್ಣು ಮುಚ್ಚಲಿಲ್ಲ. ಅವಳು ಮೇಲಿಂದ ನೀರಿನವರೆಗೆ ಬಂದ ದಾರಿಯನ್ನು ಪೂರ್ತಿ ನೋಡಿದ. ನೀರು ಎದ್ದು ಚಾವಣಿಯ ದೀಪಕ್ಕೆ ಬಡಿಯಿತು. ದಪ್ಪಣ್ಣ ಕುರ್ಚಿಯಿಂದ ಏಳುವ ಮೊದಲೇ ಅವನು ಬಟ್ಟೆ ಸಮೇತ ಕೊಳಕ್ಕೆ ಹಾರಿದ್ದ.

"ಅಪ್ಪಾ, ಮೂಗಲ್ಲೆಲ್ಲ ನೀರು ಹೋಯ್ತು!" ಕೆಮ್ಮುತ್ತ, ಅಳುತ್ತ, ಅವನ ಕುತ್ತಿಗೆಗೆ ಜೋತುಬಿದ್ದು ಅವಳು ಅವನನ್ನೂ ಮುಳುಗಿಸುವುದರಲ್ಲಿದ್ದಳು. "ನನ್ನ ಜಡೆ ಎಲ್ಲೋಯ್ತು? ಯಾರು ಕತ್ತರಿಸಿದ್ದು? ನೀನಾ? ಅಮ್ಮಾ, ನೋಡಮ್ಮಾ ಅಪ್ಪನ್ನ!"

ತಾಯಿ ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಕೊಳದ ಅಂಚಿನಲ್ಲಿ ಕುಕ್ಕರಿಸಿ ಕೂತು ಮಗಳ ತಲೆಯನ್ನು ಎದೆಗೊತ್ತಿಕೊಂಡಳು. ದಪ್ಪಣ್ಣ ಏನೂ ಅರ್ಥವಾಗದೆ ತಾನೂ ಅತ್ತ. ಕಪ್ಪೆ ಇನ್ನು ಜನ್ಮದಲ್ಲಿ ಆ ಕಟ್ಟೆ ಹತ್ತುವುದಿಲ್ಲ ಎಂದು ಅಲ್ಲೇ ಘೋಷಿಸಿದಳು, ಹಸಿವಾಗುತ್ತಿದೆ ಎಂದಳು, ಚಪ್ಪಲಿಯೊಂದನ್ನು ಎಲ್ಲೋ ಇನ್ನೊಂದನ್ನು ಎಲ್ಲೋ ಬಿಟ್ಟು ತಾಯಿಯ ಹಿಂದೆ ಬಟ್ಟೆ ಬದಲಿಸುವ ಕೋಣೆಗೆ ಹೋದಳು. ಆಯ್ಕೆಯ ಮಾತನ್ನು ಯಾರೂ ಎತ್ತಲಿಲ್ಲ. ಮೇಷ್ಟ್ರಿಗೆ ಆ ಹೊತ್ತು ಲೋಕದಲ್ಲಿ ಮತ್ತೇನೂ ಬೇಕಿರಲಿಲ್ಲ.

ಮುಕ್ಕಾಲಿ ಎತ್ತಿಡಲು ಹೋದಾಗ ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವನು ಅದನ್ನು ನಿಲ್ಲಿಸಿದ. ಅಲ್ಲಿಗೆ ಬಿಡಬಹುದಿತ್ತು. ಕೈ ಕೇಳಬೇಕಲ್ಲ. ಕಾರ್ಡ್ ಕಿತ್ತಿತು, ಬೆಂಚಿನ ಮೇಲಿದ್ದ ಟ್ಯಾಬ್ಲೆಟ್ಟಿಗೆ ಸಿಕ್ಕಿಸಿತು, ಬೆರಳು ಚಿತ್ರಗಳನ್ನು ಒಂದೊಂದಾಗಿ ಸರಿಸಿತು. ಬಾಯಿ ಬಿಟ್ಟು ಕಿರುಚುತ್ತಿರುವ ಕಪ್ಪೆ, ಒಂದು ಕಾಲು ಅತ್ತ ಒಂದು ಕಾಲು ಇತ್ತ. ಅವನಿಗೆ ನಗು ಬಂತು. ಇನ್ನೊಂದು ಚಿತ್ರ ಸರಿಸಿದ. ಇನ್ನೊಂದು.

ಅದೇ ಜಾಗದಲ್ಲಿ ಒಂದು ಚಿತ್ರ ಇತ್ತು. ಅದರಲ್ಲಿ ಕೈಕಾಲು ಬಡಿಯುತ್ತಿರಲಿಲ್ಲ. ದೇಹ ನೇರ, ಮಂಡಿ ಜೋಡಿ, ಕಾಲ್ಬೆರಳು ಚಾಚಿ, ಸಿಳ್ಳೆಯಿಂದ ಕುಟ್ಟಲು ಒಂದು ತಪ್ಪೂ ಇಲ್ಲದ ಹಾಗೆ. ಗಿಡ್ಡ ಕೂದಲಿನ ಆ ಮುಖ ಕ್ಯಾಮೆರಾದ ಕಡೆ ತಿರುಗಿತ್ತು. ಎಂದೂ ಹೆದರದವಳ ಕಣ್ಣುಗಳು ಭಯದಿಂದ ಅಗಲವಾಗಿದ್ದವು. ಹಲ್ಲು ಸೇರಿತ್ತು, ತುಟಿ ಸ್ವಲ್ಪವೇ ಬಿಚ್ಚಿತ್ತು. ಸರ್ ಎನ್ನಲು ಶುರು ಮಾಡಿದ ಬಾಯಿ ಅದು. ಮೇಷ್ಟ್ರಿಗೆ ಈ ಸಲ ಯಾರೂ ಅರ್ಥ ಹೇಳಬೇಕಾಗಲಿಲ್ಲ.

"ಏನ್ ನೋಡ್ತಿದೀಯ ಅಪ್ಪಾ?" ಕಪ್ಪೆ ಕೋಣೆಯ ಬಾಗಿಲಿಂದ ಕೂಗಿದಳು. "ನಾನು ಹೇಗ್ ಬಿದ್ದೆ ತೋರ್ಸು!"

"ಏನಿಲ್ಲ ಮಗಳೇ" ಎಂದ ಅವನು. ಟ್ಯಾಬ್ಲೆಟ್ಟನ್ನು ಎದೆಗೆ ಒತ್ತಿಕೊಂಡಿದ್ದ. "ಕಾರ್ಡ್ ಕೈಕೊಟ್ಟಿದೆ."

ಎರಡು ದಿನ ಬಿಟ್ಟು ಅವನು ಕಪ್ಪೆಯ ಜೊತೆ ಪೇಟೆಗೆ ಹೋಗಿ, ಅವಳನ್ನು ಹೊರಗೆ ಬಿಟ್ಟು, ಮತ್ತೆ ಕ್ಯಾಮೆರಾ ಅಂಗಡಿ ಹೊಕ್ಕ. ಅಂಗಡಿಯವನು ಗುರುತು ಹಿಡಿದು, ಹೇಗಿದೆ ತೊಂಬತ್ತು, ನೊಣದ ರೆಕ್ಕೆ ಸಿಕ್ಕಿತಾ ಎಂದು ವಿಚಾರಿಸಿದ.

"ನಿಧಾನದ್ದು ಒಂದು ಕೊಡಿ" ಎಂದ ಮೇಷ್ಟ್ರು.

"ನಿಧಾನದ್ದಾ? ಸಾರ್, ಜನ ವೇಗ ಕೇಳ್ಕೊಂಡು ಬರ್ತಾರೆ. ಎಷ್ಟು ನಿಧಾನ? ಮೂವತ್ತಾ?"

"ಅದಕ್ಕಿಂತ ನಿಧಾನದ್ದಿದ್ರೆ ಅದು."

ಅಂಗಡಿಯವನು ಕೆಳಗಿನ ಖಾನೆಯಲ್ಲಿ ಹುಡುಕಾಡಿ ಧೂಳು ಹಿಡಿದ ಒಂದು ಪೊಟ್ಟಣ ತೆಗೆದ. "ಇದು ಮಕ್ಕಳ ಆಟಕ್ಕೆ ಸರಿ ಅಷ್ಟೆ. ಅರ್ಧಕ್ಕರ್ಧ ಬಿಟ್ಟುಬಿಡುತ್ತೆ" ಎಂದ. ಆಮೇಲೆ ವ್ಯಾಪಾರ ನೆನಪಾಗಿ ಕೈ ಚಾಚಿದ. "ಆ ತೊಂಬತ್ತು ತಂದಿದೀರಾ? ಹೊಸದರ ಹಾಗೇ ಇದ್ರೆ ವಾಪಸ್ ತಗೋತೀನಿ. ಒಳಗಿರೋದೆಲ್ಲ ಅಳಿಸಿ ಬೇರೆಯವರಿಗೆ ಕೊಡ್ಬಹುದು."

ಮೇಷ್ಟ್ರ ಕೈ ಅಂಗಿಯ ಜೇಬಿನ ಮೇಲೆ ಹೋಯಿತು. ಅಳಿಸಲು ಅವನು ಪ್ರಯತ್ನಪಡದೆ ಇರಲಿಲ್ಲ. ಹಿಂದಿನ ದಿನ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಟ್ಯಾಬ್ಲೆಟ್ ಮಂಡಿಯ ಮೇಲಿಟ್ಟುಕೊಂಡು, ಅಳಿಸಲೇ ಎಂದು ಅದು ಕೇಳುವ ತನಕ ಹೋಗಿದ್ದ. ಆ ಮುಖ ಅವನನ್ನೇ ನೋಡುತ್ತಿತ್ತು. ಹೊರಗೆ ಕಪ್ಪೆ, ಊಟ ಸರಿಯಿಲ್ಲವೆಂದು ತಾಯಿಯ ಜೊತೆ ಜಗಳವಾಡುತ್ತಿದ್ದಳು.

"ಇಲ್ಲ, ಅಳಿಸಕ್ಕಾಗಲ್ಲ" ಎಂದ. "ಅದರೊಳಗೆ ಒಬ್ಬಳು ಉಳ್ಕೊಂಡಿದಾಳೆ. ತುಂಬಾ ಒಳ್ಳೆ ಹುಡುಗಿ. ನಾನು ಹೇಳಿದ್ದೆಲ್ಲ ಕೇಳಿದಳು."

ಅಂಗಡಿಯವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದ. ಮೇಷ್ಟ್ರು ನಿಧಾನದ ಕಾರ್ಡನ್ನು ತೆಗೆದುಕೊಂಡು ಹಣ ಕೊಟ್ಟು ಹೊರಗೆ ಬಂದ. ರಸ್ತೆಯ ಆಚೆ ಬದಿಯಲ್ಲಿ ಕಪ್ಪೆ ಯಾವುದೋ ಗೇಟಿನ ಕಲ್ಲಿನ ಕಂಬ ಹತ್ತಿ ನಿಂತಿದ್ದಳು. ನೆಲದಿಂದ ಮೊಣಕಾಲೆತ್ತರವೂ ಇಲ್ಲದ ಕಂಬ.

"ಅಪ್ಪಾ, ನೋಡು!" ಎಂದು ಕೂಗಿ ಹಾರಿದಳು.

ಅವನು ನೋಡಿದ. ಜೇಬಿನ ಮೇಲಿದ್ದ ಕೈಯನ್ನು ಮಾತ್ರ ತೆಗೆಯಲಿಲ್ಲ.